ಒಂಬತ್ತು ಗುಂಡಿ

ನನ್ನ ಅಕ್ಕನ ಗಂಡನಿಗೆ ಹುಟ್ಟಿನಿಂದಲೂ ಕಣ್ಣಿಲ್ಲ. ಆದರೆ ನಾನು ಹೊಲಿದ ಅಂಗಿಯ ತೋಳು ಅರ್ಧ ಬೆರಳು ಹೆಚ್ಚುಕಡಿಮೆಯಾದರೂ ಅಂಗಡಿಯವರೆಗೆ ಬಂದು ಜಗಳ ತೆಗೆಯುತ್ತಾರೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮಿಷನ್ ತುಳಿದವನು, ಭಾವ ಓದಿದವರು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದಾರೆ. ರೋಗಿಯ ಹೆಸರು, ವಯಸ್ಸು, ಯಾವ ಡಾಕ್ಟರು ಎಂದು ಕಂಪ್ಯೂಟರಿಗೆ ಹಾಕಿ ಚೀಟಿ ಹರಿದು ಕೊಡುವ ಕೆಲಸ. ಪರದೆಯ ಮೇಲಿರುವುದನ್ನು ಒಂದು ದನಿ ಅವರ ಕಿವಿಗೆ ಓದಿ ಹೇಳುತ್ತದೆ. ಅದನ್ನು ಅವರು ಎಷ್ಟು ಬಿರುಸಾಗಿ ಓಡಿಸುತ್ತಾರೆಂದರೆ, ನಮಗೆ ಕೇಳುವುದು ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಮಾತ್ರ.

ಸೊಕ್ಕಿಗೂ ಕಡಿಮೆಯಿಲ್ಲ. ಯಾರಾದರೂ ಕೈ ಹಿಡಿದು ರಸ್ತೆ ದಾಟಿಸಲು ಬಂದರೆ, "ನೀವೂ ಆ ಕಡೆ ಹೋಗ್ಬೇಕಾ? ಬನ್ನಿ, ದಾಟಿಸ್ತೀನಿ," ಎನ್ನುತ್ತಾರೆ.

ಈ ವರ್ಷ ಆಸ್ಪತ್ರೆಯವರು ಕಂಪ್ಯೂಟರಿನ ಹಳೆಯ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕಿಸಿದರು. ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಬಹುದಾದ ಮಾಲಂತೆ ಅದು. ಓದುವ ದನಿಯೂ ಜೊತೆಗೇ ಬಂದಿತ್ತು, ಅಕ್ಷರಗಳನ್ನು ಸೊಗಸಾಗಿಯೇ ಓದಿತು. ಚೀಟಿ ಬರೆಯುವ ಪ್ರೋಗ್ರಾಮಿನಲ್ಲಿ ಮಾತ್ರ ಎಡವಟ್ಟಾಯಿತು. ಅದರ ಮೇಲಿನ ಸಾಲಿನಲ್ಲಿ ಒತ್ತುವುದಕ್ಕೆ ಒಂಬತ್ತು ಚಿತ್ರಗಳಿವೆ, ಒಂದಕ್ಕೂ ಹೆಸರಿಲ್ಲ. ಹೆಸರಿಲ್ಲದ್ದನ್ನು ದನಿ ಹೇಗೆ ಓದೀತು? "ಗುಂಡಿ," ಎಂದಿತು. ಮುಂದೆ ಹೋದರೆ, "ಗುಂಡಿ." ಇನ್ನೂ ಮುಂದೆ, "ಗುಂಡಿ."

"ರಸ್ತೆ ಗುಂಡಿ ಆದ್ರೆ ಕೋಲಿಗೆ ಸಿಗುತ್ತೆ ಕಣೋ. ಇದು ಬಿದ್ದ ಮೇಲೇ ಗೊತ್ತಾಗೋದು," ಎಂದರು ಭಾವ. ಅದಾಗಲೇ ಬಿದ್ದೂ ಆಗಿತ್ತು. ಒಬ್ಬ ಹೆಂಗಸಿನ ವಿವರವನ್ನೆಲ್ಲ ಅಳಿಸಿಹಾಕಿದ್ದರು.

ಶುಕ್ರವಾರ ಮೇಲ್ವಿಚಾರಕರು ಬಂದು ಹೇಳಿದರು, "ಸೋಮವಾರ ನಾನೇ ಪಕ್ಕದಲ್ಲಿ ನಿಲ್ತೀನಿ. ಮೊದಲ ಹತ್ತು ಚೀಟಿ ತಡವರಿಸದೆ ಆಗಬೇಕು. ಆಗಲಿಲ್ಲ ಅಂದ್ರೆ ಸ್ಟೋರ್ ರೂಮಿನ ಹತ್ರ ಆರಾಮಾಗಿ ಕೂತ್ಕೊಳ್ಳಿ. ಸಂಬಳಕ್ಕೇನೂ ತೊಂದರೆ ಇಲ್ಲ."

ಆ ಕೊನೆಯ ಮಾತೇ ಅವರಿಗೆ ಚುಚ್ಚಿದ್ದು. "ಸುಮ್ಮನೆ ಗೋಡೆಗೆ ತಗುಲಿಕೊಂಡಿರೋಕೆ ನಾನೇನು ಹೋದ ವರ್ಷದ ಕ್ಯಾಲೆಂಡರಾ?"

ನನಗೆ ಮೈ ಉರಿಯಿತು. ಆ ಪ್ರೋಗ್ರಾಮು ಮಾಡಿದವನು ಕೈಗೆ ಸಿಕ್ಕಿದ್ದರೆ ಅಳತೆ ಟೇಪಿನಲ್ಲೇ ಕಟ್ಟಿಹಾಕುತ್ತಿದ್ದೆ. ಭಾವ ಅವನಿಗೊಂದು ಮೇಲ್ ಬರೆದರು, ಅಷ್ಟೇ. ಯಾವುದೋ ದೂರದ ಊರಿನವನು, ಅರ್ಧ ದಿನದಲ್ಲಿ ಉತ್ತರ ಕೊಟ್ಟ. ಹೆಸರು ಹಾಕುವುದನ್ನು ಮರೆತದ್ದು ನನ್ನದೇ ತಪ್ಪು, ನಿಮ್ಮ ಭಾಷೆಯಲ್ಲಿ ಒಂಬತ್ತು ಹೆಸರು ಸಾಲಾಗಿ ಬರೆದು ಕಳಿಸಿ, ಅವತ್ತೇ ಸೇರಿಸಿ ಕೊಡುತ್ತೇನೆ ಎಂದ. ಅಂಥವನನ್ನು ಬೈಯುವುದು ಹೇಗೆ?

ಭಾವ ಅದೇ ಪ್ರೋಗ್ರಾಮನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಂಡಿದ್ದರು. ಭಾನುವಾರ ಇಬ್ಬರೂ ಅದರ ಮುಂದೆ ಕೂತೆವು. ಕಂಡ ಚಿತ್ರವನ್ನು ನಾನು ಹೇಳಬೇಕು, ಅವರು ಒತ್ತಿ ಅದರ ಕೆಲಸ ಪತ್ತೆ ಮಾಡಬೇಕು. ನಾನು ಹೇಳಿದ್ದು ಒಂದು ಪಟ್ಟಿಗೆ, ಸರಿಯಾದ ಹೆಸರು ಇನ್ನೊಂದು ಪಟ್ಟಿಗೆ, ಎರಡನ್ನೂ ಭಾವನೇ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಮೊದಲನೇದೇನು?"

"ಜೇಬು, ಭಾವ. ಮೇಲೊಂದು ಪಟ್ಟಿ ಇರೋ ಜೇಬು."

ಒತ್ತಿ ನೋಡಿದರು. "ಬರೆದಿದ್ದನ್ನ ಉಳಿಸೋದು ಕಣೋ ಇದು. ಅದು ಹಳೇ ಕಾಲದ ಫ್ಲಾಪಿ ಇರಬೇಕು."

"ಇಪ್ಪತ್ತೈದು ವರ್ಷದಿಂದ ಜೇಬು ಹೊಲೀತಿದೀನಿ, ನಂಗೊತ್ತಿಲ್ವಾ?"

"ಆಯ್ತಪ್ಪ. ಎರಡನೇದು?"

"ಸೌಟು."

"ಹುಡುಕೋದು. ಭೂತಗನ್ನಡಿ ಅದು."

"ಸೌಟು ಅಂದೆ."

ಅಳಿಸುವುದು ಬಕೆಟ್ಟಾಯಿತು. ಚೀಟಿ ಅಚ್ಚು ಮಾಡುವುದು ಬಟ್ಟೆ ಹೊರಗೆ ಬರುತ್ತಿರುವ ಹೊಲಿಗೆ ಮಿಷನ್ ಆಯಿತು. ಒಂಬತ್ತನೆಯದು ಮುಗಿಯುವಷ್ಟರಲ್ಲಿ ಭಾವ, "ನಿನ್ನ ಕಣ್ಣಿಗಿಂತ ನನ್ನ ಕೋಲೇ ವಾಸಿ," ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಅವರ ಮದುವೆಯ ದಿನದಿಂದ ಹಿಡಿದು ಎಲ್ಲವನ್ನೂ ಕೆದಕಿ ಕೂಗಾಡಿದೆ. ಅಡುಗೆಮನೆಯಿಂದ ಅಕ್ಕ, "ಹೊರಗೆ ಹೋಗಿ ಕಚ್ಚಾಡ್ರೋ, ಪಾತ್ರೆಗಳು ಬೆಚ್ಚಿಬೀಳ್ತಿವೆ," ಎಂದಳು. ಆ ಗದ್ದಲದಲ್ಲೇ ಭಾವ ಪಟ್ಟಿ ಕಳಿಸಿದರು.

ಸೋಮವಾರ ನಾನು ಅಂಗಡಿ ತೆರೆಯದೆ ಕೌಂಟರಿನ ಪಕ್ಕ ಹೋಗಿ ನಿಂತೆ. ಕಂಪ್ಯೂಟರ್ ನೋಡಿಕೊಳ್ಳುವವರು ತಿದ್ದಿದ ಪ್ರೋಗ್ರಾಮನ್ನು ಬೆಳಿಗ್ಗೆಯೇ ಹಾಕಿದ್ದರು. ತಮಗೂ ಕೇಳಲಿ ಎಂದು ಮೇಲ್ವಿಚಾರಕರು ದನಿಯನ್ನು ನಿಧಾನ ಮಾಡಿಸಿ ಸ್ಪೀಕರಿಗೆ ಹಾಕಿಸಿದರು. ಭಾವ ಮೊದಲ ಚಿತ್ರಕ್ಕೆ ಹೋದರು.

"ಜೇಬು, ಗುಂಡಿ," ಎಂದಿತು ಕಂಪ್ಯೂಟರ್.

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಭಾವ ನನ್ನ ಕಡೆ ಬಾಗಿ, "ನಿನ್ನ ಕೂಗಾಟದಲ್ಲಿ ಯಾವ ಪಟ್ಟಿ ಅಂತ ದನಿ ಹೇಳಿದ್ದೇ ಕೇಳಿಸಲಿಲ್ಲ. ನಿನ್ನದು ಹೋಗಿದೆ," ಎಂದರು.

ಹದಿನಾಲ್ಕು ವರ್ಷದ ಕುರ್ಚಿ ನನ್ನ ಬಾಯಿಂದ ಹೋಗುವುದರಲ್ಲಿತ್ತು.

"ಏನ್ರೀ ಇದು?" ಎಂದರು ಮೇಲ್ವಿಚಾರಕರು.

"ಹೆಸರು, ಸರ್. ಮೊದಲನೆಯವರು ಬನ್ನಿ," ಎಂದರು ಭಾವ.

ಆಮೇಲೆ ಅವರ ಬೆರಳು ನಿಲ್ಲಲಿಲ್ಲ. ಹಳೆಯ ರೋಗಿಯಾದರೆ ಸೌಟು, ಬರೆದಾದರೆ ಜೇಬು, ಚೀಟಿಗೆ ಮಿಷನ್. ಬಕೆಟ್ಟಿನ ಹತ್ತಿರ ಸುಳಿಯಲೂ ಇಲ್ಲ. ಏಳನೆಯವಳು ಒಬ್ಬ ಅಜ್ಜಿ, ವಯಸ್ಸನ್ನು ಮೂರು ಸಲ ಬದಲಿಸಿದಳು.

"ಅಜ್ಜಿ, ಅರವತ್ತೋ ಎಪ್ಪತ್ತೋ, ಒಂದು ಹೇಳಿ."

"ನಿಂಗೆ ಹೆಂಗೂ ಕಾಣಲ್ವಲ್ಲಪ್ಪ, ಅರವತ್ತೇ ಹಾಕು."

ಹತ್ತನೆಯ ಚೀಟಿ ಹರಿದು ಕೊಟ್ಟದ್ದಾಯಿತು. "ಹುಡುಕೋದಕ್ಕೆ ಸೌಟು ಅಂತ ಯಾರ್ರೀ ಹೆಸರಿಟ್ಟಿದ್ದು?" ಎಂದರು ಮೇಲ್ವಿಚಾರಕರು. ನಾನು ತೋಳು ಮಡಿಸಿದೆ. ಅಷ್ಟರಲ್ಲಿ ಭಾವ, "ತಳದಲ್ಲಿರೋದು ಮೇಲೆ ಬರಬೇಕಲ್ಲ, ಸರ್," ಎಂದರು.

ಮೇಲ್ವಿಚಾರಕರು ನಗಲಿಲ್ಲ. "ಸರಿಯಾದ ಹೆಸರು ಬರೆದು ಕಳಿಸಿ, ಬೇರೆಯವರೂ ಬಳಸ್ತಾರೆ," ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಭಾವ ಸ್ಪೀಕರ್ ತೆಗೆದು, ದನಿಯನ್ನು ತಮ್ಮ ವೇಗಕ್ಕೆ ಏರಿಸಿಕೊಂಡು, ಹನ್ನೊಂದನೆಯವರನ್ನು ಕರೆದರು.