ಟೀ ಅಂಗಡಿಯ ಹಲಗೆಯಲ್ಲಿ ಮನೆಗಳಿಲ್ಲ

ಅಮ್ಮ ಆಸ್ಪತ್ರೆಯಿಂದ ಬರಲು ಹತ್ತೇ ದಿನ ಇತ್ತು. ಮೊಣಕಾಲಿನ ಆಪರೇಷನ್. ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಇಪ್ಪತ್ತೆರಡು ಮೆಟ್ಟಿಲು. (ಎಣಿಸಿದ್ದೇನೆ. ದಿಗಿಲಾದಾಗ ನಾನು ಏನನ್ನಾದರೂ ಎಣಿಸುತ್ತೇನೆ.) ಇನ್ನು ಮೆಟ್ಟಿಲು ಹತ್ತುವಂತಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ರಾಮನಗರದಲ್ಲಿ ಒಂದು ಗ್ರೌಂಡ್ ಫ್ಲೋರ್ ಮನೆ ಹುಡುಕುವುದು ಎಂಥ ಮಹಾ ಕೆಲಸ ಅಂದುಕೊಂಡಿದ್ದೆ.

ನಮ್ಮ ಬೀದಿಯ ನಿಂಗಣ್ಣನ ಟೀ ಅಂಗಡಿ ಹೊರಗೆ ಒಂದು ಕರಿ ಹಲಗೆ ಇದೆ. ಯಾರ ಮನೆ ಖಾಲಿಯಾದರೂ ನಿಂಗಣ್ಣ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಪುಕ್ಕಟೆ. ‘ಮನೆ ಬೇಕಾಗಿದೆ’ ಅಂತ ನನ್ನ ಹೆಸರನ್ನೂ ಬರೆಸಿದೆ. ಇರಲಿ ಅಂತ ಬ್ರೋಕರ್ ಪುಟ್ಟರಾಜುಗೂ ಫೋನ್ ಮಾಡಿದೆ.

“ಮೇಡಂ, ಹಲಗೇಲಿ ನಿಮ್ ಹೆಸ್ರು ಐತೆ.”

“ಹೌದು. ಅದಕ್ಕೇನೀಗ?”

“ಹಲಗೆ ತಾವ ಹೋದೋರ್ಗೆ ನಾವ್ಯಾರೂ ಮನೆ ತೋರ್ಸಕಿಲ್ಲ. ಗ್ರೂಪಲ್ಲಿ ಮಾತಾಗೋಗೈತೆ.”

ಗ್ರೂಪ್ ಅಂದರೆ ಊರಿನ ಬ್ರೋಕರ್‌ಗಳೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗ್ರೂಪ್. ಖಾಲಿ ಮನೆಗಳ ಫೋಟೊಗಳೆಲ್ಲ ಅದರೊಳಗೆ. ಹಲಗೆಯಲ್ಲಿ ಬರೆಸಿದ ಓನರ್‌ಗಳ ಮನೆಗೂ ಇವರು ಜನ ಕಳಿಸುವುದಿಲ್ಲ. ಹೆದರಿದ ಓನರ್‌ಗಳು ಒಬ್ಬೊಬ್ಬರೇ ಬಂದು ಹಲಗೆಯಿಂದ ತಮ್ಮ ಮನೆ ಅಳಿಸಿಕೊಂಡು ಹೋದರು. ರೇಷ್ಮೆಗೂಡನ್ನು ಎಲ್ಲರ ಕಣ್ಣೆದುರೇ ಹರಾಜು ಹಾಕುವ ಊರು ನಮ್ಮದು. ಮನೆಯನ್ನೇಕೆ ಬಚ್ಚಿಡಬೇಕು?

ಸಿಟ್ಟು ಬಂತು. ವಕೀಲೆ ಗೆಳತಿಯನ್ನು ಕೇಳಿದೆ. “ಹಿಂಗೆ ಗುಂಪು ಕಟ್ಕೊಂಡು ಬೇರೆಯವರಿಗೆ ಬಾಗಿಲು ಹಾಕೋದು ತಪ್ಪು ಕಣೇ. ಅದನ್ನ ತಡೆಯೋಕೆ ಕಾನೂನಿದೆ” ಅಂದಳು. (ಹೊರದೇಶಗಳಲ್ಲಿ ಖಾಲಿ ಮನೆಗಳ ಪಟ್ಟಿ ಯಾರ ಕೈಲಿರಬೇಕು ಅಂತ ದೊಡ್ಡ ದೊಡ್ಡ ಕಂಪನಿಗಳೇ ಕೋರ್ಟು ಹತ್ತುತ್ತವಂತೆ.)

“ಹಂಗಾದ್ರೆ ದೂರು ಕೊಡ್ಲಾ?”

“ಕೊಡು. ತೀರ್ಪು ಬರೋ ತನಕ ಅಮ್ಮನ್ನ ಎಲ್ಲಿ ಮಲಗಿಸ್ತೀಯ?”

ನಾಲ್ಕು ದಿನ ಉಳಿಯಿತು. ಅಮ್ಮ “ಮನೆ ಸಿಕ್ತೇನವ್ವ?” ಅಂದಾಗಲೆಲ್ಲ “ಸಿಕ್ತು ಕಣಮ್ಮ” ಅಂತ ಸುಳ್ಳು ಹೇಳುತ್ತಿದ್ದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಹೋಗಿ ಹಲಗೆಯಿಂದ ನನ್ನ ಹೆಸರು ಅಳಿಸಿದೆ. ಒರೆಸಲು ನಿಂಗಣ್ಣನೇ ಒದ್ದೆ ಬಟ್ಟೆ ಕೊಟ್ಟ.

ಸಂಜೆಯೇ ಪುಟ್ಟರಾಜು ಮನೆ ತೋರಿಸಿದ. ಬಾಗಿಲಿಗೆ ಎರಡೇ ಮೆಟ್ಟಿಲು! ಕಣ್ಣಲ್ಲಿ ನೀರು ಬಂತು.

“ಒಂದೇ ಮಾತು ಮೇಡಂ. ನೀವು ಬುಡೋ ಮನೆ ಸುದ್ದಿ ನಮ್ಗೆ ಮಾತ್ರ. ಇನ್ಯಾರ್ಗೂ ಹೇಳ್ಬ್ಯಾಡಿ.”

ಆಯ್ತು ಅಂತ ತಲೆಯಾಡಿಸಿದೆ.

ಅಮ್ಮ ಹೊಸ ಮನೆಗೆ ಬಂದ ಮಾರನೆಯ ದಿನ ಟೀ ಅಂಗಡಿ ಮುಂದೆ ಹಾದೆ. ಬರಿದಾದ ಹಲಗೆಯನ್ನೇ ನೋಡುತ್ತ ಒಬ್ಬ ಹೆಂಗಸು ನಿಂತಿದ್ದಳು, ಕಂಕುಳಲ್ಲಿ ಕೂಸು.

“ಅಕ್ಕ, ಬಿಡದಿ ಫ್ಯಾಕ್ಟ್ರಿಗೆ ಸೇರ್ಕಂಡಿವ್ನಿ. ಇಲ್ಲೆಲ್ಲಾರ ಮನೆ ಖಾಲಿ ಐತಾ?”

ನನಗೆ ಗೊತ್ತಿದ್ದ ಖಾಲಿ ಮನೆ ಒಂದೇ, ನಾವು ಬಿಟ್ಟು ಬಂದ ಮಹಡಿ ಮನೆ. ಅದರ ಬೀಗದಕೈ ಇನ್ನೂ ನನ್ನ ಪರ್ಸಿನಲ್ಲೇ ಇತ್ತು.

“ಗೊತ್ತಿಲ್ಲ ಕಣಮ್ಮ” ಅಂದೆ.

ಹೇಳಿ, ಆ ಗ್ರೂಪಿಗೆ ನನ್ನನ್ನು ಸೇರಿಸಿದ್ದು ಯಾರು?