ಮಾದೇವಿ ಶಾಲೆ ಬಿಟ್ಟದ್ದು

ಅರಕೆರೆಯ ಚಿಕ್ಕಬೋರಮ್ಮ ಗದ್ದೆ ಕೂಲಿಯವಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಮಗಳು ಮಾದೇವಿ ಒಬ್ಬಳೇ. ಆ ಮಗುವಿಗೆ ಹುಟ್ಟಿನಿಂದಲೇ ಕಿವಿ ಮಂದ. ಶಾಲೆಗೆ ಸೇರಿಸಲು ಹೋದಾಗಲೆಲ್ಲ, "ಕೆಪ್ಪಿಗ್ಯಾಕವ್ವ ಓದು?" ಎಂದು ವಾಪಸು ಕಳಿಸಿದ್ದರು.

ತೊಂಬತ್ತಾರರಲ್ಲಿ ಹೊಸದಾಗಿ ಬಂದ ಕರಿಯಯ್ಯ ಮೇಷ್ಟ್ರು ಮಾತ್ರ ಅವಳನ್ನು ಸೇರಿಸಿಕೊಂಡು ಮುಂದಿನ ಸಾಲಿನಲ್ಲೇ ಕೂರಿಸಿದರು. ಶ್ರೀರಂಗಪಟ್ಟಣದಲ್ಲಿ ನಡೆದ ಕಿವಿ ತಪಾಸಣೆಯ ಉಚಿತ ಶಿಬಿರಕ್ಕೆ ತಾಯಿ ಮಗಳಿಬ್ಬರನ್ನೂ ಕರೆದೊಯ್ದು ಕಿವಿಯ ಮಿಷನ್ನು ಕೊಡಿಸಿದರು. ಎದೆಯ ಮೇಲೊಂದು ಡಬ್ಬಿ, ಅದರಿಂದ ಕಿವಿಗೊಂದು ವೈರು. ಆ ಸಂಜೆ ನಾಲೆಯ ಏರಿಯ ಮೇಲೆ ಬರುವಾಗ ಮಾದೇವಿ ಥಟ್ಟನೆ ನಿಂತು ನೀರಿನ ಕಡೆ ಬೆರಳು ತೋರಿಸಿದಳು. ಹರಿಯುವ ನೀರಿಗೆ ಸದ್ದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಚಿಕ್ಕಬೋರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ವರ್ಷದೊಳಗೆ ಹುಡುಗಿ ಅಕ್ಷರ ಕೂಡಿಸಿ ಓದತೊಡಗಿದಳು. ಆದರೆ ಮಿಷನ್ನಿಗೆ ಆಗಾಗ ಹೊಸ ಸೆಲ್ಲು ಬೇಕು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಡುವುದನ್ನು ನಿಲ್ಲಿಸಿದರು. ಗದ್ದೆ ಕೆಲಸವೂ ನಿಂತಿತು. ಮನೆಯಲ್ಲಿ ಹಿಟ್ಟಿಗೇ ಪರದಾಟ.

ಮತ್ತೆ ಶಾಲೆ ತೆರೆದ ಮೇಲೆ ಒಂದು ದಿನ ಮಗಳ ಬೆನ್ನ ಹಿಂದೆಯೇ ಬಿಂದಿಗೆ ಉರುಳಿತು. ಅವಳು ತಿರುಗಲಿಲ್ಲ. ಚಿಕ್ಕಬೋರಮ್ಮ ಡಬ್ಬಿ ಬಿಚ್ಚಿ ನೋಡಿದರೆ, ಎಂದೋ ಸತ್ತ ಸೆಲ್ಲು ಒಡೆದು ಒಳಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಹುಡುಗಿ ಅದನ್ನೇ ಹಾಕಿಕೊಂಡು, ಕೇಳಿಸಿದಂತೆ ತಲೆಯಾಡಿಸುತ್ತ ಶಾಲೆಗೆ ಹೋಗುತ್ತಿದ್ದಳು.

"ಯಾಕವ್ವ ಯೇಳ್ನಿಲ್ಲ ನೀನು?" ತಾಯಿ ಅವಳ ಗದ್ದ ಹಿಡಿದೆತ್ತಿ ಕೇಳಿದಳು.

"ಇಸ್ಕೂಲು... ಬುಡುಸ್ಬುಡ್ತೀಯ," ಎಂದಳು ಮಾದೇವಿ, ತೊದಲುತ್ತ.

ಮೇಷ್ಟ್ರು ಆ ಮಿಷನ್ನನ್ನು ಮೈಸೂರಿಗೆ ಒಯ್ದು ತೋರಿಸಿದರು. ಅಲ್ಲಿಯ ಅಂಗಡಿಯವರು ರಿಪೇರಿ ಆಗುವುದಿಲ್ಲ ಎಂದರು. ಶಿಬಿರದವರೋ, ಒಮ್ಮೆ ಕೊಟ್ಟವರಿಗೆ ಇಷ್ಟು ಬೇಗ ಇನ್ನೊಂದು ಇಲ್ಲ ಎಂದುಬಿಟ್ಟರು. ಅಷ್ಟರಲ್ಲಿ ಕರಿಯಯ್ಯನವರಿಗೆ ನಾಗಮಂಗಲದ ಕಡೆಗೆ ವರ್ಗವಾಯಿತು. "ಬುಡ್ಬೇಡ ಕಣವ್ವ, ಕಳಿಸ್ತಾ ಇರು," ಎಂದು ಹೇಳಿ ಹೋದರು. ಅವರ ಜಾಗಕ್ಕೆ ಬಂದವರು ಹುಡುಗಿಯನ್ನು ಹಿಂದಿನ ಗೋಡೆಯ ಪಕ್ಕ ಕೂರಿಸಿದರು. ಅಲ್ಲಿಂದ ಅವಳಿಗೆ ಅವರ ತುಟಿಯೂ ಕಾಣುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳದೆ ಏಟು ತಿಂದು ಬರುತ್ತಿದ್ದಳು.

ಕಬ್ಬಿನ ಕಟಾವು ಶುರುವಾದ ಬೆಳಿಗ್ಗೆ ಅವಳು ತಾನಾಗಿಯೇ ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಬೋರಮ್ಮ ಬುತ್ತಿಗೆ ಇನ್ನೊಂದು ಮುದ್ದೆ ಇಟ್ಟುಕೊಂಡು ಅವಳನ್ನೂ ಕಟಾವಿಗೆ ಕರೆದೊಯ್ದಳು. ವಾರದ ಕೊನೆಗೆ ಇಬ್ಬರ ಕೂಲಿ ಒಟ್ಟಿಗೆ ಕೈಗೆ ಬಂದಾಗ ಅವಳಿಗೆ ತುಸು ನೆಮ್ಮದಿಯೇ ಆಯಿತು. ಹಾಗೆ ನೆಮ್ಮದಿಯಾಯಿತಲ್ಲ ಎಂದೇ ಅವಳು ಒಲೆಯ ಮುಂದೆ ಕೂತು ಅತ್ತಳು. ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದ ಮಗಳಿಗೆ ಅದು ಕೇಳಿಸಲಿಲ್ಲ.