ಎರಡು ತಂಡ, ಒಂದು ಸುಳ್ಳು

ಹಾನಗಲ್‌ನ ಸಂಗೀತ ತಂಡವೇ ನನಗೆ ಹೆಚ್ಚು ಹಿಡಿಸಿತು ಎಂದು ಒಂಬತ್ತು ವರ್ಷದ ಹಿಂದೆ ವಾರಪತ್ರಿಕೆಯೊಂದರಲ್ಲಿ ಬರೆದಿದ್ದೆ. ಅದು ಸುಳ್ಳು. ಬರೆಯುವಾಗಲೇ ನನಗೆ ಗೊತ್ತಿತ್ತು.

ಇನ್ನೊಂದು ತಂಡ ಶಿಗ್ಗಾವಿಯದು — ನನ್ನ ಗೆಳೆಯ ಬಸವರಾಜನದು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಇಯರ್‌ಫೋನು ಹಂಚಿಕೊಂಡು ಆರ್ಟ್ ರಾಕ್ ಕೇಳಿದವರು. ಪಲ್ಲವಿ, ಚರಣದ ಕಟ್ಟಿಗೆ ಸಿಗದೆ ಇಪ್ಪತ್ತು ನಿಮಿಷ ಹರಿಯುವ ಹಾಡುಗಳು. ಯಾವ ತಂಡ ದೊಡ್ಡದು ಎಂದು ವಾದ ಮಾಡುತ್ತ ಎಷ್ಟೋ ಸಲ ನಾನು ಸವಣೂರಿನ ಬಸ್ಸು ತಪ್ಪಿಸಿಕೊಂಡದ್ದುಂಟು. ಮುಂದೆ ಅವನು ಗಿಟಾರು ಹಿಡಿದು ಇನ್ನು ಮೂವರನ್ನು ಕೂಡಿಸಿಕೊಂಡ. ನಾನು ಕನ್ನಡ ಮಾಸ್ತರನಾದೆ, ಪತ್ರಿಕೆಗೆ ಸಂಗೀತದ ಬಗ್ಗೆ ಬರೆಯತೊಡಗಿದೆ.

ಅವನ ಹದಿನಾರು ನಿಮಿಷದ ಹಾಡೊಂದಕ್ಕೆ ನಾನು ಎಂಟು ಸಾಲು ಬರೆದುಕೊಟ್ಟಿದ್ದೆ. ಆ ಸಂಜೆ ಹಾನಗಲ್‌ನಲ್ಲಿ ಎರಡೂ ತಂಡಗಳು ಒಂದೇ ವೇದಿಕೆಯಲ್ಲಿ ಬಾರಿಸಿದವು. ನನ್ನ ಸಾಲು ಬರಬೇಕಾದಲ್ಲಿ ಬಸವರಾಜ ಹಾಡಲಿಲ್ಲ. ಬಂಕಾಪುರದ ಕೋಟೆಯಲ್ಲಿ ರೆಕಾರ್ಡ್ ಮಾಡಿಕೊಂಡ ನವಿಲಿನ ಕೂಗು, ಅದರ ಕೆಳಗೆ ಗಿಟಾರಿನ ಒಂದೇ ತಂತಿ — ಆರು ನಿಮಿಷ, ಮಾತೇ ಇಲ್ಲ. ನನ್ನ ಮೈ ಜುಮ್ಮೆಂದಿತು. ನನ್ನ ಸಾಲು ಅಲ್ಲಿದ್ದರೆ ಹಾಡು ಕೆಡುತ್ತಿತ್ತು ಎಂಬುದು ತಿಳಿಯಿತು. ಅದನ್ನೇ ತಾಳಲಾರದೆ —

‘ಹಾನಗಲ್‌ನವರಿಗೆ ಹಾಡಿನ ಹದ ಗೊತ್ತು. ಶಿಗ್ಗಾವಿಯವರು ಬರೀ ಸದ್ದನ್ನೇ ಸಂಗೀತ ಎಂದು ನಂಬಿದ್ದಾರೆ’ ಎಂದು ಬರೆದೆ.

ಪತ್ರಿಕೆ ಬಂದ ಮೂರನೇ ದಿನ ಅವನು ನನ್ನ ಶಾಲೆಗೆ ಬಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

“ರಫೀಕ, ಪೇಪರಿನ ಮಾತು ಬ್ಯಾಡ. ಖರೇ ಹೇಳು. ಆ ನಡುವಿನ ಭಾಗ ಹಾಳಾಗೇತೇನು?”

ನಿಜ ಹೇಳಲು ಅಷ್ಟು ಹೊತ್ತು ಸಿಕ್ಕಿತ್ತು ನನಗೆ. ಅವನು ಕಾದು ನಿಂತಿದ್ದ.

“ಹೂಂ. ತಗದ್ರ ಚಲೋ” ಎಂದೆ.

“ಆತು. ನಿನ್ನ ಕಿವಿ ಮ್ಯಾಲೆ ನನಗ ನಂಬಿಕಿ ಐತಿ.”

ಪತ್ರಿಕೆಯಲ್ಲಿ ಬರೆದದ್ದಕ್ಕಿಂತ ಆ ‘ಹೂಂ’ ನೆನೆದಾಗ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಮುಂದಿನ ಸಲ ಹಿರೇಕೆರೂರಿನಲ್ಲಿ ಅದೇ ಹಾಡು ಐದು ನಿಮಿಷಕ್ಕೆ ಮುಗಿಯಿತು. ನವಿಲು ಇರಲಿಲ್ಲ. ನನ್ನ ಎಂಟೂ ಸಾಲು ಇದ್ದವು. ಜನ ಚಪ್ಪಾಳೆ ತಟ್ಟಿದರು — ನಾನೂ ತಟ್ಟಿದೆ. ವೇದಿಕೆಯ ಮೇಲಿನಿಂದ ಬಸವರಾಜ ನನ್ನನ್ನೇ ನೋಡುತ್ತಿದ್ದ, ಸರಿಯಾಯಿತೇ ಎಂದು ಕೇಳುವವನ ಹಾಗೆ. ಆಮೇಲೆ ಅವನು ಹೊಸದೇನನ್ನೂ ಕಟ್ಟಲಿಲ್ಲ. ವರ್ಷದೊಳಗೆ ತಂಡ ಒಡೆಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು — ಅವುಗಳ ಹಿಂದೆ ಅಡಗಿ ನಾನು ಇಷ್ಟು ವರ್ಷ ಕಳೆದೆ.

ಹೋದ ತಿಂಗಳು ಶಿಗ್ಗಾವಿಗೆ ಹೋದೆ. ಅವನೀಗ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತಾನೆ. ಅಂಗಡಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಹೊಟ್ಟೆಕಿಚ್ಚು ಎಂಬ ಪದವನ್ನು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು. ಅವನು ಸುತ್ತುವುದನ್ನು ನಿಲ್ಲಿಸಲಿಲ್ಲ.

“ಅದು ಚಲೋ ಇತ್ತೇನು ಹಂಗಾದ್ರ?”

“ನಾ ಕೇಳಿದ್ರಾಗ ಅಷ್ಟು ಚಲೋದು ಇನ್ನೊಂದಿಲ್ಲೋ, ಬಸ್ಯಾ.”

ಅವನ ಕೈ ಆಗ ನಿಂತಿತು. ಬೆರಳುಗಳನ್ನು ಒಮ್ಮೆ ನೋಡಿಕೊಂಡ.

“ಹೆಂಗ ಬಾರಿಸ್ತಿದ್ದೆ ಅನ್ನೂದು ನೆನಪಿಲ್ಲ ನನಗ” ಎಂದ. ಮತ್ತೆ ಸುತ್ತತೊಡಗಿದ.

ಹಾನಗಲ್‌ನ ಆ ಸಂಜೆಯ ಹಾಡನ್ನು ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹುಡುಕಿ ತರಿಸಿದೆ, ಬರೀ ಗರಗರ. ಕ್ಷಮೆಯನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಆ ಆರು ನಿಮಿಷ ಈಗ ಇರುವುದು ನನ್ನ ತಲೆಯಲ್ಲಿ ಮಾತ್ರ — ತಂತಿ ಎಲ್ಲಿ ತಡೆಯಿತು, ಎಲ್ಲಿ ಏರಿತು, ಎಲ್ಲವೂ. ಆದರೆ ನನಗೆ ಬಾರಿಸಲು ಬರುವುದಿಲ್ಲ.